ಒಂದು ಕೇರಿ, ಒಂದು ವರ್ಷ: ಬಾವಿಯನ್ನೂ ಸಂಡಾಸಿನ ಗುಂಡಿಯನ್ನೂ ಒಟ್ಟಿಗೆ ನೋಡಿಕೊಳ್ಳಲು ಕಲಿಯುವ ಬಗೆ

ನಮ್ಮ ಬಾವಿಕಟ್ಟೆಯಿಂದ ಪಕ್ಕದ ಮನೆಯ ಸೆಪ್ಟಿಕ್ ಟ್ಯಾಂಕಿನ ಮುಚ್ಚಳಕ್ಕೆ ನನ್ನ ಕಾಲಳತೆಯಲ್ಲಿ ಹನ್ನೊಂದು ಹೆಜ್ಜೆ. ಕಾರವಾರದ ಕೋಡಿಬಾಗದಲ್ಲಿ ಇಷ್ಟು ವರ್ಷ ಇದ್ದೂ ನಾನು ಅದನ್ನು ಎಣಿಸಿದ್ದು ಮಗನಿಗೆ ಕಾಮಾಲೆ ಆದಮೇಲೆ. ಆಗ ಆಷಾಢ. ಬಾವಿಯ ನೀರು ಬಗ್ಗಿದರೆ ಕೈಗೆ ಸಿಗುವಷ್ಟು ಮೇಲೆ ಬಂದಿತ್ತು. ಎರಡೂ ಮನೆಯ ಟ್ಯಾಂಕಿಗೆ ತಳವೇ ಇಲ್ಲ ಎಂಬುದು ಆಮೇಲೆ ತಿಳಿಯಿತು. ತಳ ಹಾಕದೆ ಬಿಟ್ಟರೆ ಬೇಗ ತುಂಬುವುದಿಲ್ಲ, ಖಾಲಿ ಮಾಡಿಸುವ ಖರ್ಚು ಉಳಿಯುತ್ತದೆ ಎಂದು ಕಟ್ಟಿದ ಮೇಸ್ತ್ರಿ ಹೇಳಿದ್ದರು. ನಾವು ಅದನ್ನು ಉಪಕಾರ ಎಂದೇ ತಿಳಿದಿದ್ದೆವು.

ಕಾರವಾರದಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ. ಹೆಚ್ಚಿನದೆಲ್ಲ ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಹೋಗುತ್ತದೆ. ಕಡಲಂಚಿನಲ್ಲಿ ಮರಳು, ಒಳಕ್ಕೆ ಹೋದಂತೆ ಜಂಬಿಟ್ಟಿಗೆ. ಎರಡರಲ್ಲೂ ನೀರು ಬೇಗ ಹರಿಯುತ್ತದೆ. ಬೇಸಗೆಯಲ್ಲಿ ಗುಂಡಿಯ ತಳಕ್ಕೂ ಅಂತರ್ಜಲಕ್ಕೂ ನಡುವೆ ಒಣಮಣ್ಣು ಇರುತ್ತದೆ. ಇಳಿದು ಹೋಗುವ ಹೊಲಸನ್ನು ಆ ಮಣ್ಣು ಒಂದಿಷ್ಟು ಸೋಸುತ್ತದೆ. ಮಳೆಗಾಲದಲ್ಲಿ ಅಂತರ್ಜಲವೇ ಮೇಲೆದ್ದು ಗುಂಡಿಯೊಳಕ್ಕೆ ಬರುತ್ತದೆ, ಸೋಸಲು ಮಣ್ಣೇ ಉಳಿಯುವುದಿಲ್ಲ. ಬಾವಿಗೊಬ್ಬರು, ಸಂಡಾಸಿಗೊಬ್ಬರು ಎಂದು ಕೆಲಸ ಹಂಚಿಕೊಂಡರೆ ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ಎರಡನ್ನೂ ಒಂದೇ ಗುಂಪು, ಒಂದೇ ಪುಸ್ತಕದಲ್ಲಿ, ಒಂದು ವರ್ಷ ಪೂರ್ತಿ ಬರೆದು ನೋಡಬೇಕು. ಸಭಾಂಗಣದಲ್ಲಿ ಒಂದು ದಿನ ಕೂತು ಕೇಳಿದ್ದು ನನಗಂತೂ ಒಂದು ವಾರ ಉಳಿಯಲಿಲ್ಲ. ಹಗ್ಗ ಇಳಿಸಿ ಅಳೆದದ್ದು ಮಾತ್ರ ಉಳಿಯಿತು. ಹಾಗೆ ಕಲಿತದ್ದನ್ನು ಕಲಿತ ಕ್ರಮದಲ್ಲೇ ಇಲ್ಲಿ ಬರೆಯುತ್ತೇನೆ.

ಮೊದಲು ಐದು ಜನ, ಒಂದು ದಪ್ಪ ಪುಸ್ತಕ

ಯುಗಾದಿ ಕಳೆದ ಮೇಲೆ ಶುರು ಮಾಡಿ. ಬಾವಿ ಆಳಕ್ಕೆ ಹೋಗಿರುತ್ತದೆ, ಅಂಗಳ ಒಣಗಿರುತ್ತದೆ, ಓಡಾಡಲು ಅನುಕೂಲ. ಇಪ್ಪತ್ತೈದು-ಮೂವತ್ತು ಮನೆಯ ಒಂದು ಕೇರಿಗೆ ಐದು ಜನ ಸಾಕು. ಅವರಲ್ಲಿ ಒಬ್ಬರು ಹಿರಿಯರಿರಲಿ, ಯಾವ ಗುಂಡಿ ಎಲ್ಲಿ ಮುಚ್ಚಿಹೋಗಿದೆ ಎಂಬುದು ಅವರಿಗೇ ಗೊತ್ತು. ಹೈಸ್ಕೂಲು ಮುಗಿಸಿದ ಹುಡುಗ ಅಥವಾ ಹುಡುಗಿ ಒಬ್ಬರು ಲೆಕ್ಕಕ್ಕೆ ಬೇಕು. ಇಬ್ಬರಾದರೂ ಹೆಂಗಸರಿರಬೇಕು. ನೀರಿನ ರುಚಿ, ಬಣ್ಣ ಬದಲಾದದ್ದು ಮೊದಲು ಗೊತ್ತಾಗುವುದು ಅಡುಗೆಮನೆಯಲ್ಲಿ. ಸಂಡಾಸು ಕಟ್ಟಿಕೊಂಡಿದ್ದನ್ನೂ ಅವರೇ ಬಾಯಿಬಿಟ್ಟು ಹೇಳಬಲ್ಲರು.

ಒಂದು ಭಾನುವಾರ ಕೇರಿ ಸುತ್ತಿ ನಕ್ಷೆ ಬರೆಯಿರಿ. ಡ್ರಾಯಿಂಗ್ ಹಾಳೆಯಲ್ಲಿ ಮನೆಗಳು, ಬಾವಿಗಳು ನೀಲಿ, ಸಂಡಾಸಿನ ಟ್ಯಾಂಕು ಮತ್ತು ಇಂಗುಗುಂಡಿ ಕೆಂಪು, ಗಟಾರ ಕಪ್ಪು, ನಳದ ಪೈಪು ಹಸಿರು. ಇಳಿಜಾರು ಯಾವ ಕಡೆಗೆ ಎಂದು ಬಾಣ ಹಾಕಿ. ಆಮೇಲೆ ಟೇಪು ಹಿಡಿದು ಪ್ರತಿ ಬಾವಿಯಿಂದ ಹತ್ತಿರದ ಕೆಂಪು ಚುಕ್ಕೆಗೆ ಎಷ್ಟು ದೂರ ಎಂದು ಅಳೆಯಿರಿ. ಸೆಪ್ಟಿಕ್ ಟ್ಯಾಂಕಿನ ಇಂಗುಗುಂಡಿ ಕುಡಿಯುವ ನೀರಿನ ಬಾವಿಯಿಂದ ಕನಿಷ್ಠ 18 ಮೀಟರ್, ಅಂದರೆ ಸುಮಾರು 60 ಅಡಿ ದೂರ ಇರಬೇಕು ಎನ್ನುತ್ತದೆ ಭಾರತೀಯ ಮಾನಕ. ಐದು ಸೆಂಟ್ಸ್ ಜಾಗದಲ್ಲಿ ಅಷ್ಟು ದೂರ ಎಲ್ಲಿಂದ ಬರಬೇಕು? ನಮ್ಮ ಕೇರಿಯಲ್ಲಿ ಬಹುತೇಕ ಬಾವಿಗಳಿಗೆ ಆ ಅಂತರ ಇರಲಿಲ್ಲ. ನಕ್ಷೆ ಬರೆಯುವುದು ಯಾರ ತಪ್ಪನ್ನೂ ಎತ್ತಿ ಆಡಲು ಅಲ್ಲ. ಮೊದಲ ದಿನವೇ ಜಗಳ ಆದರೆ ಎರಡನೇ ದಿನ ಯಾರೂ ಗೇಟು ತೆಗೆಯುವುದಿಲ್ಲ. ನಮ್ಮ ಗುಂಪಿನ ಹಿರಿಯರು ಪ್ರತಿ ಮನೆಯಲ್ಲೂ ಮೊದಲು ತಮ್ಮ ಮನೆಯ ಗುಂಡಿಯ ದೋಷ ಹೇಳಿಕೊಂಡು ಮಾತಿಗೆ ಕೂರುತ್ತಿದ್ದರು. ಅದರಿಂದ ಬಹಳ ಕೆಲಸ ಆಯಿತು.

ಬಾವಿಯನ್ನು ಓದುವುದು

ಒಂದು ಹಗ್ಗಕ್ಕೆ ಪ್ರತಿ ಅರ್ಧ ಮೀಟರಿಗೆ ಗಂಟು ಹಾಕಿ, ತುದಿಗೆ ಕಲ್ಲು ಕಟ್ಟಿ. ಕಟ್ಟೆಯಿಂದ ನೀರಿನ ಮೇಲ್ಮೈಗೆ ಎಷ್ಟು, ತಳಕ್ಕೆ ಎಷ್ಟು ಎಂದು ತಿಂಗಳಿಗೊಮ್ಮೆ ಒಂದೇ ಹೊತ್ತಿಗೆ ಅಳೆಯಿರಿ. ಬೆಳಿಗ್ಗೆ ಯಾರೂ ಪಂಪು ಹಾಕುವ ಮೊದಲಾದರೆ ಒಳ್ಳೆಯದು. ಎರಡರ ನಡುವಿನ ವ್ಯತ್ಯಾಸವೇ ನೀರಿನ ಆಳ.

ನೀರು ಎಷ್ಟಿದೆ ಎಂಬ ಲೆಕ್ಕ ಹೀಗೆ: ಬಾವಿಯ ವ್ಯಾಸವನ್ನು ಅದರಿಂದಲೇ ಗುಣಿಸಿ, 3.14ರಿಂದ ಗುಣಿಸಿ, 4ರಿಂದ ಭಾಗಿಸಿ, ನೀರಿನ ಆಳದಿಂದ ಗುಣಿಸಿ. ಎಲ್ಲವೂ ಮೀಟರಿನಲ್ಲಿ. ಬಂದದ್ದನ್ನು ಸಾವಿರದಿಂದ ಗುಣಿಸಿದರೆ ಲೀಟರು. ಒಂದೂವರೆ ಮೀಟರ್ ವ್ಯಾಸದ ರಿಂಗ್ ಬಾವಿಯಲ್ಲಿ ಮೂರು ಮೀಟರ್ ನೀರಿದ್ದರೆ ಸುಮಾರು 5300 ಲೀಟರ್. ಐದೂ ಜನರಿಗೆ ಇದು ಬಾಯಿಪಾಠ ಆಗಬೇಕು, ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುವ ಲೆಕ್ಕ ಇದರ ಮೇಲೇ ನಿಂತಿದೆ.

ಅಂಗಡಿಯಲ್ಲಿ ಸಿಗುವ ಪೆನ್ನಿನಂಥ ಟಿಡಿಎಸ್ ಮೀಟರ್ ಒಂದು ಕೊಳ್ಳಿ. ಅದು ನೀರಿನಲ್ಲಿ ಕರಗಿದ ಲವಣ ತೋರಿಸುತ್ತದೆ, ರೋಗಾಣು ತೋರಿಸುವುದಿಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಮಳೆಗಾಲದಲ್ಲಿ ನಮ್ಮ ಬಾವಿಯ ಟಿಡಿಎಸ್ ನೂರರ ಆಸುಪಾಸಿಗೆ ಇಳಿದು ಬಲು ಚೊಕ್ಕ ನೀರಿನಂತೆ ಕಂಡಿತ್ತು. ಮಗ ಕಾಮಾಲೆಯಿಂದ ಮಲಗಿದ್ದು ಅದೇ ನೀರು ಕುಡಿದ ದಿನಗಳಲ್ಲಿ. ಕುಡಿಯುವ ನೀರಿನ ಟಿಡಿಎಸ್ ಲೀಟರಿಗೆ 500 ಮಿಲಿಗ್ರಾಂ ಒಳಗಿರುವುದು ಒಳ್ಳೆಯದು, ಬೇರೆ ನೀರು ಸಿಗದಿದ್ದರೆ 2000 ತನಕ ಎಂದು ಮಾನಕ ಹೇಳುತ್ತದೆ.

ಆ ಪೆನ್ನಿನ ನಿಜವಾದ ಉಪಯೋಗ ಏಪ್ರಿಲ್-ಮೇನಲ್ಲಿ, ಉಪ್ಪು ಏರುವುದನ್ನು ಹಿಡಿಯಲು. ಕಡಲಂಚಿನ ಮಣ್ಣಿನೊಳಗೆ ಸಿಹಿನೀರು ಉಪ್ಪುನೀರಿನ ಮೇಲೆ ತೇಲಿಕೊಂಡಿರುತ್ತದೆ, ಸಿಹಿನೀರು ಹಗುರ. ಸಮುದ್ರಮಟ್ಟಕ್ಕಿಂತ ಒಂದು ಅಡಿ ಮೇಲೆ ಸಿಹಿನೀರು ನಿಂತಿದ್ದರೆ, ಕೆಳಗೆ ಸುಮಾರು 40 ಅಡಿ ಸಿಹಿನೀರಿನ ಪದರ ಇರುತ್ತದೆ ಎಂಬುದು ಹಳೆಯ ಲೆಕ್ಕ. ಮೇಲಿನ ಒಂದಡಿಯನ್ನು ಪಂಪು ಹಾಕಿ ಇಳಿಸಿದರೆ ಕೆಳಗಿನ ಉಪ್ಪು ಎಷ್ಟು ಮೇಲೇರಲು ದಾರಿ ಆಗುತ್ತದೆ ನೋಡಿ. ಅದಕ್ಕೇ ಕೋಡಿಬಾಗದಂಥ ಜಾಗದಲ್ಲಿ ಒಂದೇ ಸಲಕ್ಕೆ ಎರಡು ತಾಸು ಪಂಪು ಓಡಿಸುವ ಬದಲು ಬೆಳಿಗ್ಗೆ ಕಾಲು ತಾಸು, ಸಂಜೆ ಕಾಲು ತಾಸು ಓಡಿಸಬೇಕು. ಟಿಡಿಎಸ್ ವಾರದಿಂದ ವಾರಕ್ಕೆ ಏರುತ್ತಿದ್ದರೆ ಇನ್ನೂ ಕಡಿಮೆ. ಆ ಭಾಗದಲ್ಲಿ ಬೋರ್‌ವೆಲ್ ತೋಡಿಸುವವರಿದ್ದರೆ ಪುಸ್ತಕದ ಪುಟ ತೋರಿಸಿ ಮಾತಾಡಿ. ಉಪ್ಪು ಒಮ್ಮೆ ಏರಿದರೆ ನೆರೆಮನೆಯ ಬಾವಿಯೂ ಕೆಡುತ್ತದೆ. ಅಘನಾಶಿನಿ ಹೊಳೆಯ ಅಳಿವೆಯ ಗಜನಿ ಗದ್ದೆಯಲ್ಲಿ ಉಪ್ಪು ತಡೆಯುವ ಕಗ್ಗ ಭತ್ತ ಬೆಳೆಯುವವರು ಉಪ್ಪುನೀರಿನ ಜತೆ ಹೊಂದಿಕೊಂಡೇ ಬದುಕಿದವರು. ಉಪ್ಪು ಯಾವಾಗ ಏರುತ್ತದೆ, ಯಾವ ಮಳೆಗೆ ತೊಳೆದು ಹೋಗುತ್ತದೆ ಎಂದು ಅವರನ್ನು ಕೇಳಿ ತಿಳಿಯಬಹುದು.

ರೋಗಾಣು ಇದೆಯೋ ಇಲ್ಲವೋ

ಇದಕ್ಕೆ ಸುಲಭದ ದಾರಿ ಹೈಡ್ರೋಜನ್ ಸಲ್ಫೈಡ್ ಬಾಟಲಿ ಪರೀಕ್ಷೆ. ಚಿಕ್ಕ ಬಾಟಲಿಯೊಳಗೆ ಔಷಧಿ ಹಚ್ಚಿದ ಕಾಗದ ಇರುತ್ತದೆ. ಗೆರೆಯ ತನಕ ನೀರು ತುಂಬಿ, ಬೆಚ್ಚಗಿನ ಜಾಗದಲ್ಲಿ 24ರಿಂದ 48 ತಾಸು ಇಡಬೇಕು. ಕಪ್ಪಾದರೆ ಮಲದ ಸೋಂಕು ತಗುಲಿದೆ ಎಂದು ಅನುಮಾನಿಸಬೇಕು. ಬಾಟಲಿಯ ಒಳಗೆ, ಮುಚ್ಚಳದ ಒಳಭಾಗಕ್ಕೆ ಬೆರಳು ತಾಗಿಸಬೇಡಿ. ನಮ್ಮ ಮೊದಲ ಸಲದ ಆರು ಬಾಟಲಿಗಳಲ್ಲಿ ಕುದಿಸಿ ಆರಿಸಿದ ನೀರಿನದೂ ಕಪ್ಪಾಗಿತ್ತು, ತಪ್ಪು ನಮ್ಮ ಕೈಯದು. ಅಂದಿನಿಂದ ಪ್ರತಿ ಸಲ ಒಂದು ಬಾಟಲಿಗೆ ಕುದಿಸಿದ ನೀರನ್ನೇ ತುಂಬಿ ಪಕ್ಕದಲ್ಲಿಡುತ್ತೇವೆ. ಅದು ಕಪ್ಪಾದರೆ ಆ ದಿನದ ಪರೀಕ್ಷೆ ಎಲ್ಲವನ್ನೂ ಕೈಬಿಟ್ಟು ಮತ್ತೆ ಮಾಡುತ್ತೇವೆ.

ಬೇಸಗೆಗೊಮ್ಮೆ, ಜುಲೈಯಲ್ಲೊಮ್ಮೆ, ಅಕ್ಟೋಬರಿನಲ್ಲೊಮ್ಮೆ ಸಾಕು. ಜುಲೈಯದ್ದನ್ನು ಮಾತ್ರ ತಪ್ಪಿಸಬೇಡಿ. ಅನುಮಾನ ಬಂದ ಬಾವಿಯ ನೀರನ್ನು ಜಿಲ್ಲಾ ಮಟ್ಟದ ಪ್ರಯೋಗಾಲಯಕ್ಕೆ ಕೊಡಿ. 100 ಮಿಲಿಲೀಟರ್ ನೀರಿನಲ್ಲಿ ಇ-ಕೋಲಿ ಎಂಬ ಮಲದ ಜೀವಾಣು ಒಂದೂ ಕಾಣಬಾರದು ಎಂಬುದು ನಿಯಮ. ಹೊಲಸಿನಿಂದ ನೀರಿಗೆ ಸೇರುವ ನೈಟ್ರೇಟ್ ಎಂಬ ಲವಣವನ್ನೂ ನೋಡಲು ಹೇಳಿ, ಅದು ಲೀಟರಿಗೆ 45 ಮಿಲಿಗ್ರಾಂ ದಾಟಬಾರದು. ನೈಟ್ರೇಟ್ ಕುದಿಸಿದರೆ ಹೋಗುವುದಿಲ್ಲ, ಬಾಟಲಿ ಹಾಲು ಕುಡಿಯುವ ಎಳೆಕೂಸಿಗೆ ಅಪಾಯ.

ಬ್ಲೀಚಿಂಗ್ ಪೌಡರ್ ಹಾಕುವ ಕೈ

ಇದನ್ನು ಒಬ್ಬರು ಮಾಡಿ ತೋರಿಸಬೇಕು, ಉಳಿದ ನಾಲ್ವರೂ ತಮ್ಮ ಕೈಯಾರೆ ಮಾಡಬೇಕು. ನಮ್ಮಲ್ಲಿ ಹೆಚ್ಚಿನವರು ಪುಡಿಯನ್ನು ಹಾಗೇ ಬಾವಿಗೆ ಎಸೆದುಬಿಡುತ್ತಾರೆ. ಅರ್ಧ ತಳಕ್ಕೆ ಹೋಗಿ ಸುಣ್ಣವಾಗಿ ಕೂರುತ್ತದೆ.

ಸಾವಿರ ಲೀಟರಿಗೆ 2.5 ಗ್ರಾಂ ಹೊಸ ಪೌಡರ್. ಮೇಲಿನ 5300 ಲೀಟರಿನ ಬಾವಿಗೆ 13 ಗ್ರಾಂ ಚಿಲ್ಲರೆ. ಅಡುಗೆಮನೆಯ ಚಿಕ್ಕ ತಕ್ಕಡಿಯಲ್ಲಿ ತೂಗಿ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಸ್ವಲ್ಪ ನೀರು ಹಾಕಿ ಗಟ್ಟಿಯಾಗಿ ಕಲಸಿ, ಆಮೇಲೆ ಮುಕ್ಕಾಲು ಬಕೆಟ್ ತನಕ ನೀರು ಸೇರಿಸಿ ಕಲಕಿ. ಹತ್ತು ನಿಮಿಷ ಬಿಟ್ಟರೆ ಸುಣ್ಣ ಕೆಳಗೆ ಕೂರುತ್ತದೆ. ಮೇಲಿನ ತಿಳಿನೀರನ್ನು ಮಾತ್ರ ಇನ್ನೊಂದು ಬಕೆಟ್ಟಿಗೆ ಬಗ್ಗಿಸಿ, ಹಗ್ಗ ಕಟ್ಟಿ ಬಾವಿಗೆ ಇಳಿಸಿ, ನೀರಿನೊಳಗೆ ಮುಳುಗಿಸಿ ಮೇಲೆ ಕೆಳಗೆ ಆಡಿಸಿ. ರಾತ್ರಿ ಎಲ್ಲರೂ ನೀರು ಸೇದಿ ಮುಗಿಸಿದ ಮೇಲೆ ಹಾಕುವುದು ಉತ್ತಮ. ಕನಿಷ್ಠ ಒಂದು ತಾಸು ಯಾರೂ ನೀರು ಮುಟ್ಟಬಾರದು. ಒಂದು ತಾಸಿನ ನಂತರ ಕ್ಲೋರೋಸ್ಕೋಪಿನಲ್ಲಿ (ನೀರಿನ ಕ್ಲೋರಿನ್ ಅಳೆಯುವ ಸಾಧನ) ನೋಡಿದರೆ ಲೀಟರಿಗೆ 0.5 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಏನೂ ಉಳಿದಿಲ್ಲ ಎಂದರೆ ನೀರಿನ ಹೊಲಸು ಅದನ್ನು ತಿಂದುಹಾಕಿದೆ, ಇಲ್ಲವೇ ಪೌಡರ್ ಹಳೆಯದು. ನಮ್ಮ ಕರಾವಳಿಯ ಗಾಳಿಯಲ್ಲಿ ಬಾಯಿ ತೆರೆದಿಟ್ಟ ಪೊಟ್ಟಣ ಬೇಗ ಸತ್ವ ಕಳೆದುಕೊಳ್ಳುತ್ತದೆ. ಡಬ್ಬಿಗೆ ಹಾಕಿ ಬಿಗಿಯಾಗಿ ಮುಚ್ಚಿ, ಕೊಂಡ ದಿನಾಂಕ ಬರೆದಿಡಿ.

ಗುಂಡಿಯ ನೀರು ಸದಾ ಸೇರುತ್ತಿರುವ ಬಾವಿಗೆ ಪೌಡರ್ ಹಾಕಿದ್ದು ಒಂದೆರಡು ದಿನದ ಮಾತು. ಅಂಥ ಮನೆಯಲ್ಲಿ ಮಳೆಗಾಲ ಮುಗಿಯುವ ತನಕ ನೀರು ತಳಮಳ ಕುದಿಸಿಯೇ ಕುಡಿಯಬೇಕು.

ಗುಂಡಿಯ ಕಡೆ

ಸರಿಯಾದ ಸೆಪ್ಟಿಕ್ ಟ್ಯಾಂಕಿಗೆ ತಳ ಇರುತ್ತದೆ, ಗೋಡೆ ನೀರು ಬಿಡುವುದಿಲ್ಲ. ಒಳಗೆ ಅಡ್ಡಗೋಡೆ ಹಾಕಿ ಎರಡು ಕೋಣೆ ಮಾಡಿರುತ್ತಾರೆ. ಒಳಬರುವ, ಹೊರಹೋಗುವ ಪೈಪಿಗೆ ಟಿ ಆಕಾರದ ಕೂಡು, ಗಾಳಿಪೈಪಿನ ಬಾಯಿಗೆ ಸೊಳ್ಳೆ ಜಾಲರಿ. ಐದು ಜನರ ಮನೆಗೆ ಮಾನಕ ಹೇಳುವ ಅಳತೆ ಒಂದೂವರೆ ಮೀಟರ್ ಉದ್ದ, ಮುಕ್ಕಾಲು ಮೀಟರ್ ಅಗಲ, ಒಂದು ಮೀಟರ್ ನೀರಿನ ಆಳ. ಕೋಣೆಯಷ್ಟು ದೊಡ್ಡದು ಬೇಕಾಗಿಲ್ಲ. ಆದರೆ ಎರಡು-ಮೂರು ವರ್ಷಕ್ಕೊಮ್ಮೆ ಖಾಲಿ ಮಾಡಿಸಲೇಬೇಕು. ‘ನಮ್ಮ ಟ್ಯಾಂಕು ಇಪ್ಪತ್ತು ವರ್ಷದಿಂದ ತುಂಬಿಯೇ ಇಲ್ಲ’ ಎಂದು ಯಾರಾದರೂ ಹೆಮ್ಮೆಯಿಂದ ಹೇಳಿದರೆ ನಕ್ಷೆಯಲ್ಲಿ ಆ ಮನೆಗೆ ಎರಡು ಕೆಂಪು ಚುಕ್ಕೆ ಹಾಕಿ. ಅದು ತುಂಬದಿರುವುದು ನೆಲಕ್ಕೆ ಸೋರುತ್ತಿರುವುದರಿಂದ.

ಎಷ್ಟು ತುಂಬಿದೆ ಎಂದು ನೋಡಲು ಉದ್ದನೆಯ ಗಳಕ್ಕೆ ಹಳೆಯ ಬಿಳಿ ಟವೆಲು ಸುತ್ತಿ, ಮುಚ್ಚಳದ ಬಾಯಿಂದ ತಳದವರೆಗೆ ಇಳಿಸಿ, ಸ್ವಲ್ಪ ಹೊತ್ತು ಬಿಟ್ಟು ನಿಧಾನ ಎತ್ತಿ. ಕಪ್ಪು ರಾಡಿ ಅಂಟಿದ ಎತ್ತರ ಟ್ಯಾಂಕಿನ ಆಳದ ಮೂರನೇ ಒಂದು ಭಾಗ ಮುಟ್ಟಿದ್ದರೆ ರಾಡಿ ಹೀರುವ ಗಾಡಿ ಕರೆಸುವ ಕಾಲ. ಮುಚ್ಚಳ ತೆಗೆದು ಅರ್ಧ ತಾಸು ದೂರ ನಿಲ್ಲಿ. ಬಗ್ಗಿ ಇಣುಕಬೇಡಿ, ಹತ್ತಿರ ಬೀಡಿ-ಬೆಂಕಿ ಬೇಡ, ಮಕ್ಕಳು ಸುಳಿಯಬಾರದು, ಒಬ್ಬರೇ ಮಾಡಬಾರದು.

ಯಾರೂ, ಎಂಥ ತುರ್ತಿನಲ್ಲೂ, ಟ್ಯಾಂಕಿನೊಳಗೆ ಇಳಿಯಬಾರದು. ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಅನಿಲ ಜಾಸ್ತಿಯಾದಾಗ ಮೂಗಿನ ಶಕ್ತಿಯನ್ನೇ ಕೊಲ್ಲುತ್ತದೆ, ವಾಸನೆ ಬರುವುದು ನಿಂತುಹೋಗುತ್ತದೆ. ವಾಸನೆ ಇಲ್ಲ, ಗ್ಯಾಸ್ ಹೋಯಿತು ಎಂದುಕೊಂಡು ಇಳಿದವರು ಅಲ್ಲೇ ಬೀಳುತ್ತಾರೆ. ಎತ್ತಲು ಹೋದ ಅಣ್ಣನೋ ತಮ್ಮನೋ ಅವರ ಮೇಲೆಯೇ ಬೀಳುತ್ತಾರೆ. ರಕ್ಷಣಾ ಸಾಧನ ಇಲ್ಲದೆ ಮನುಷ್ಯನನ್ನು ಟ್ಯಾಂಕಿಗೆ ಇಳಿಸುವುದು ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆಯ ಪ್ರಕಾರ ಅಪರಾಧ. ಮೊದಲ ಸಲಕ್ಕೇ ಎರಡು ವರ್ಷದ ತನಕ ಜೈಲು ಅಥವಾ ಎರಡು ಲಕ್ಷದ ತನಕ ದಂಡ, ಇಲ್ಲವೇ ಎರಡೂ. ಹೀಗೆ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ದಂಡದ ಭಯಕ್ಕಲ್ಲ, ಆ ಮನೆಯ ಹೆಂಡತಿ ಮಕ್ಕಳನ್ನು ನೆನೆದು ಈ ಒಂದು ಮಾತನ್ನು ಕೇರಿಯ ಪ್ರತಿ ಮನೆಗೂ ಹೋಗಿ ಹೇಳಿ. ಟ್ಯಾಂಕು ಸ್ವಚ್ಛತೆಯ ಸಹಾಯವಾಣಿ 14420, ಅದನ್ನು ಪುಸ್ತಕದ ರಟ್ಟಿನ ಮೇಲೆ ಬರೆದಿಡಿ.

ಹೀರುವ ಗಾಡಿಯನ್ನು ಡಿಸೆಂಬರಿನಿಂದ ಏಪ್ರಿಲ್ ಒಳಗೆ ಕರೆಸಿ. ಮಳೆಗಾಲದಲ್ಲಿ ಖಾಲಿ ಮಾಡಿದರೆ ಸುತ್ತಲಿನ ನೀರು ಖಾಲಿ ಟ್ಯಾಂಕನ್ನು ಮೇಲಕ್ಕೆ ಒತ್ತಿ ಗೋಡೆ ಬಿರುಕು ಬಿಡಬಹುದು. ಕೆಳಗೆ ಒಂದು ಗೇಣು ರಾಡಿ ಬಿಡಲು ಹೇಳಿ, ಕೊಳೆಸುವ ಜೀವಾಣುಗಳು ಅದರಲ್ಲಿವೆ. ಆಸಿಡ್, ಫಿನಾಯಿಲ್ ಸುರಿದರೂ ಅವು ಸಾಯುತ್ತವೆ.

ಗಾಡಿಯವರನ್ನು ಗೌರವದಿಂದ ಕೂರಿಸಿ, ಕುಡಿಯಲು ಏನಾದರೂ ಕೊಟ್ಟು, ಇದನ್ನು ಎಲ್ಲಿ ಸುರಿಯುತ್ತೀರಿ ಎಂದು ಕೇಳಿ. ಹೊಳೆಗೋ ಹಿನ್ನೀರಿಗೋ ಹೋಗುವುದಾದರೆ ನಮ್ಮ ಬಾವಿ ಉಳಿಸಿಕೊಂಡು ಬೇರೆಯವರ ಊಟ ಕೆಡಿಸಿದಂತೆ. ಅಳಿವೆಯ ಕೆಸರಿನ ಚಿಪ್ಪುಜೀವಿ ಬಳಚು ನೀರನ್ನು ಸೋಸಿ ತಿಂದು ಬದುಕುವ ಜೀವ. ನೀರಿನಲ್ಲಿರುವ ಹೊಲಸೆಲ್ಲ ಅದರ ಒಡಲಲ್ಲಿ ಸೇರಿ ನಮ್ಮ ತಟ್ಟೆಗೇ ಬರುತ್ತದೆ. ಈ ರಾಡಿಯನ್ನು ಒಣಗಿಸಿ ಶುದ್ಧಗೊಳಿಸುವ ಘಟಕ ನಮ್ಮ ರಾಜ್ಯದ ದೇವನಹಳ್ಳಿಯಲ್ಲಿ 2015ರಲ್ಲೇ ಶುರುವಾಗಿದೆ, ದೇಶದ ಮೊದಲ ಘಟಕಗಳಲ್ಲಿ ಅದೂ ಒಂದು. ಸಾಧ್ಯವಾದರೆ ಇಬ್ಬರು ಹೋಗಿ ನೋಡಿ ಬನ್ನಿ.

ಹೊಸದಾಗಿ ಕಟ್ಟುವವರಿಗೆ, ಜಾಗ ಮತ್ತು ಮಣ್ಣು ಒಪ್ಪಿದರೆ, ಎರಡು ಗುಂಡಿಯ ಸಂಡಾಸು ಒಳ್ಳೆಯದು. ಒಂದು ತುಂಬಿದಾಗ ಇನ್ನೊಂದಕ್ಕೆ ತಿರುಗಿಸಿ, ಮೊದಲಿನದನ್ನು ಎರಡು ವರ್ಷ ಮುಚ್ಚಿಟ್ಟರೆ ಮಣ್ಣಿನಂತಾಗುತ್ತದೆ. ಆದರೆ ಮಳೆಗಾಲದಲ್ಲಿ ನೀರು ನೆಲಮಟ್ಟಕ್ಕೆ ಬರುವ ಕೋಡಿಬಾಗದಂಥ ಕಡೆ ಇದನ್ನು ನಾನು ಹೇಳುವುದಿಲ್ಲ. ಶಿರಸಿಯ ದಿಬ್ಬದ ಮೇಲಿನ ಮನೆಗಳಿಗೆ, ಬಾವಿ ದೂರ ಇದ್ದರೆ, ಆಗಬಹುದು.

ನಳದ ನೀರು

ಕಾರವಾರಕ್ಕೆ ಗಂಗಾವಳಿಯ ನೀರು ಬರುತ್ತದೆ, ಶಿರಸಿಗೆ ಕೆಂಗ್ರೆ ಹೊಳೆ ಮತ್ತು ಮಾರಿಗದ್ದೆಯಿಂದ. ಅಷ್ಟು ದೂರದಿಂದ ತಂದ ನೀರು ಕೇರಿಯ ಕೊನೆಯ ಐವತ್ತು ಅಡಿಯಲ್ಲಿ ಕೆಡುತ್ತದೆ. ನೀರು ನಿಂತಾಗ ಪೈಪು ಖಾಲಿಯಾಗಿ ಒಡೆದ ಜಾಗದಿಂದ ಹೊರಗಿನದ್ದನ್ನು ಎಳೆದುಕೊಳ್ಳುತ್ತದೆ, ಆ ಜಾಗ ಗಟಾರದೊಳಗಿದ್ದರೆ ಕೇಳುವುದೇ ಬೇಡ. ವಾಲ್ವ್ ತಿರುಗಿಸಿ ನೀರು ಬಿಡುವವರ ಜತೆ ಒಂದು ಬೆಳಿಗ್ಗೆ ನಡೆಯಿರಿ. ನಮ್ಮ ವಾರ್ಡಿನವರು ಮೊದಲ ದಿನವೇ ಹೇಳಿದ್ದರು: “ಅಕ್ಕಾ, ನೀರು ಬಿಟ್ಟ ಕೂಡಲೇ ಕೊಡ ಹಿಡೀಬೇಡಿ. ಸ್ವಲ್ಪ ಹೊತ್ತು ಬಚ್ಚಲಿಗೆ ಬಿಟ್ಕೊಳ್ಳಿ, ಆಮೇಲೆ ಕುಡಿಯೋದಕ್ಕೆ.” ಯಾವ ನಕ್ಷೆಯಲ್ಲೂ ಇಲ್ಲದ ಪೈಪುಗಳು ಅವರ ತಲೆಯಲ್ಲಿವೆ. ನಮ್ಮ ಹಸಿರು ಗೆರೆಗಳಲ್ಲಿ ಅರ್ಧ ಅವರೇ ತಿದ್ದಿದ್ದು. ಕೊನೆಯ ಮನೆಯ ನಳದಲ್ಲೂ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ತೊಟ್ಟಿಕ್ಕುವ ನಳದ ಕೆಳಗೆ ಲೀಟರ್ ಬಾಟಲಿ ಇಟ್ಟು ಗಡಿಯಾರ ನೋಡಿ: ಹದಿನೈದು ನಿಮಿಷಕ್ಕೆ ತುಂಬಿದರೆ ದಿನಕ್ಕೆ 96 ಲೀಟರ್ ಹೋಗುತ್ತಿದೆ.

ಮಳೆ

ಒಂದು ಚದರ ಮೀಟರ್ ಮಾಡಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಸಾವಿರ ಚದರಡಿಯ ಮಾಡಿಗೆ ನಮ್ಮ ವರ್ಷದ ಮಳೆಯಲ್ಲಿ ಎರಡೂವರೆ ಲಕ್ಷ ಲೀಟರ್ ದಾಟುತ್ತದೆ. ಆದರೂ ಎಲ್ಲ ಕಡೆ ಹೇಳುವ ಹಾಗೆ ಜುಲೈಯಲ್ಲಿ ಬಾವಿಗೆ ನೀರು ತುಂಬಿಸಲು ಹೊರಟರೆ ಇಲ್ಲಿ ಅಷ್ಟು ಪ್ರಯೋಜನ ಇಲ್ಲ, ಬಾವಿ ಆಗಲೇ ತುಂಬಿರುತ್ತದೆ. ಹಿಡಿಯಬೇಕಾದ್ದು ಸೆಪ್ಟೆಂಬರ್-ಅಕ್ಟೋಬರಿನ ಕೊನೆಯ ಮಳೆ. ಅದು ಇಂಗಿದರೆ ಬೇಸಗೆಯಲ್ಲಿ ಉಪ್ಪು ತಡವಾಗಿ ಏರುತ್ತದೆ. ಶಿರಸಿ, ಸಿದ್ದಾಪುರದ ಕಡೆ ಮಳೆ ನಿಂತ ಮೇಲೆ ಹಳ್ಳಕ್ಕೆ ಒಡ್ಡು ಹಾಕುವುದೂ ಇದೇ ಕಾರಣಕ್ಕೆ. ಜೂನ್ ಶುರುವಿನ ಮಿರ್ಗದ (ಮೃಗಶಿರಾ) ಮಳೆಯ ಮೊದಲ ಎರಡು-ಮೂರು ದಿನದ ನೀರನ್ನು ಹೊರಗೆ ಬಿಡಿ, ಹಂಚಿನ ಪಾಚಿ, ಕಾಗೆ ಹಿಕ್ಕೆ ಎಲ್ಲ ತೊಳೆದು ಹೋಗಲಿ. ಆಮೇಲೆ ಜಲ್ಲಿ, ಮರಳು ಹಾಕಿದ ಡ್ರಮ್ಮಿನಲ್ಲಿ ಸೋಸಿ ಟಾಕಿಗೆ ಹಿಡಿದಿಡಿ. ಜುಲೈಯಲ್ಲಿ ಕೆಟ್ಟ ಬಾವಿಯವರಿಗೆ, ಕುದಿಸಿಕೊಂಡರೆ, ಕುಡಿಯಲು ಇದೇ ಆಧಾರ.

ಪುಸ್ತಕ ಹಿಡಿದು ನಗರಸಭೆಗೆ

ವರ್ಷ ಮುಗಿಯುವ ಹೊತ್ತಿಗೆ ಹನ್ನೆರಡು ತಿಂಗಳ ನೀರಿನ ಮಟ್ಟ, ಟಿಡಿಎಸ್, ಮೂರು ಸಲದ ಬಾಟಲಿ ಪರೀಕ್ಷೆ, ಪ್ರತಿ ಟ್ಯಾಂಕಿನ ಸ್ಥಿತಿ ನಿಮ್ಮ ಕೈಯಲ್ಲಿರುತ್ತದೆ. ಆಗ ಹೋಗಿ. ‘ನೀರು ಸರಿ ಇಲ್ಲ’ ಎಂದರೆ ಕೇಳಿಸಿಕೊಂಡು ಕಳಿಸುತ್ತಾರೆ. ‘ಇಂಥ ತಿರುವಿನಲ್ಲಿ ಪೈಪು ಗಟಾರದೊಳಗೆ ಮೂವತ್ತು ಅಡಿ ಹೋಗಿದೆ, ಅಲ್ಲಿಂದ ಮುಂದಿನ ಏಳು ಮನೆಯಲ್ಲಿ ಕ್ಲೋರಿನ್ ಸೊನ್ನೆ’ ಎಂದರೆ ಎಂಜಿನಿಯರ್ ಎದ್ದು ಬರುತ್ತಾರೆ. ನಮ್ಮಲ್ಲಿ ಬಂದರು, ಪೈಪು ಮೇಲೆತ್ತಿಸಿ ಕೊಟ್ಟರು. ಅರ್ಜಿಯನ್ನು ಬರಹದಲ್ಲಿ ಕೊಟ್ಟು ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಹೀರುವ ಗಾಡಿಯ ದರ, ರಾಡಿ ಸುರಿಯುವ ಜಾಗ ಇವನ್ನು ಮಾಹಿತಿ ಹಕ್ಕಿನಡಿ ಕೇಳಬಹುದು. ಸ್ವಸಹಾಯ ಸಂಘದ ಹೆಂಗಸರನ್ನು ನೀರಿನ ಪರೀಕ್ಷೆಗೆ ತೊಡಗಿಸಿಕೊಳ್ಳಲು ನಗರಗಳ ನೀರಿಗಾಗಿ ಕೇಂದ್ರ ತಂದ ಅಮೃತ್ 2.0 ಯೋಜನೆಯಲ್ಲಿ ಅವಕಾಶ ಕೊಟ್ಟಿದ್ದರು, ಅದು ಈಗಲೂ ಇದ್ದರೆ ಒಂದು ವರ್ಷ ಕೈ ಪಳಗಿದ ನಿಮ್ಮ ಗುಂಪಿನ ಹೆಸರನ್ನೇ ಮುಂದಿಡಿ. ಹುಡುಗರಿಗೆ ಈ ಕೆಲಸದ ರುಚಿ ಹತ್ತಿದ್ದರೆ ಐಟಿಐಯಲ್ಲಿ ಪ್ಲಂಬರ್ ಕೋರ್ಸ್ ಒಂದು ವರ್ಷದ್ದು.

ನಮ್ಮ ಎರಡು ಮನೆಯವರು ಸೇರಿ ಮೊನ್ನೆ ಮಾರ್ಚಿನಲ್ಲಿ ಟ್ಯಾಂಕು ಖಾಲಿ ಮಾಡಿಸಿ, ತೊಳೆಸಿ, ಒಂದು ವಾರ ಬಾಯಿ ತೆರೆದಿಟ್ಟು ಗಾಳಿ ಆಡಿಸಿದೆವು. ಒಳಗೆ ಇಳಿಯದೆ ತಳ ಹಾಕಲು ಆಗುವುದಿಲ್ಲ ಎಂದು ಹೊಸ ಮೇಸ್ತ್ರಿ ಹೇಳಿದ್ದರಿಂದ ಹಳೆಯದನ್ನು ಮಣ್ಣು ತುಂಬಿ ಮುಚ್ಚಿ, ಅಂಗಳದ ಆ ತುದಿಯಲ್ಲಿ ತಳ ಇರುವ ಒಂದೇ ಟ್ಯಾಂಕನ್ನು ಇಬ್ಬರಿಗೂ ಕಟ್ಟಿಸಿದೆವು. ಬಾವಿಕಟ್ಟೆಯಿಂದ ಈಗ ಇಪ್ಪತ್ತೊಂಬತ್ತು ಹೆಜ್ಜೆ. ಈ ಜುಲೈಯ ಬಾಟಲಿ ಇನ್ನೂ ಇಡಬೇಕಷ್ಟೆ.